ಗಂಟೆರಾಯರ ಮೊಣಕಾಲು ದಂಡಯಾತ್ರೆ

"ಭಾನುವಾರ ಸಂಜೆಯೊಳಗೆ ನಿನ್ನ ಮೊಣಕಾಲು ನೋವು ಈ ಮನೆ ಬಿಟ್ಟು ಓಡದಿದ್ರೆ ನನ್ನ ಹೆಸರು ಬದಲಾಯಿಸು!" ಎಂದು ಗಂಟೆರಾಯರು ಚಹಾದ ಲೋಟ ಕುಕ್ಕಿ ಹೆಂಡತಿಗೆ ಘೋಷಿಸಿದರು.

ಗಂಟೆರಾಯರು ಎಂಬುದೂ ಅವರ ಹೆಸರೇನಲ್ಲ, ಜನ ಕೊಟ್ಟ ಬಿರುದು. ಮನೆ, ಆಫೀಸುಗಳ ಕರೆಗಂಟೆ ರಿಪೇರಿ ಮಾಡುವುದು ಅವರ ಕಸುಬು. ತಾನಾಗಿ ಬಡಿದುಕೊಳ್ಳುವ ಗಂಟೆಯನ್ನು ಯಾರಾದರೂ ಬಿಚ್ಚಿಟ್ಟುಕೊಂಡು ಕೂತಿದ್ದರೆ ಅವರ ಪಿತ್ತ ನೆತ್ತಿಗೇರುತ್ತಿತ್ತು. "ಸ್ವಾಮಿ, ಹೊಡ್ಕೊಳ್ಳೋದು ಇಲ್ಲಿ, ಒತ್ತೋದು ಇನ್ನೆಲ್ಲೋ! ಪಾಪದ ಗಂಟೇನ ಯಾಕೆ ಬಿಚ್ತೀರಿ? ತಂತಿ ಹಿಡ್ಕೊಂಡು ಹೋಗಿ, ಬಟನ್ ನೋಡಿ!" ಫೋನಿನಲ್ಲಿ ದಿನವೂ ನಡೆಯುವ ಈ ಉಪದೇಶ ಅವರ ಹೆಂಡತಿಗೆ ಬಾಯಿಪಾಠವಾಗಿಹೋಗಿತ್ತು.

ಹೆಂಡತಿಗೆ ಕೂದಲು ಕತ್ತರಿಸುವ ಸಲೂನಿನಲ್ಲಿ ಕೆಲಸ. ಬೆಳಗಿನಿಂದ ಸಂಜೆವರೆಗೆ ನಿಂತೇ ಇರಬೇಕು. ಮುಂದಿನ ತಿಂಗಳಿಂದ ಇಡೀ ಸಲೂನಿನ ಉಸ್ತುವಾರಿ ನಿನಗೇ ಎಂದು ಒಡತಿ ಮಾತು ಕೊಟ್ಟಿದ್ದಳು. ಅದಕ್ಕಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು. ಅಂಥ ಹೊತ್ತಿನಲ್ಲೇ ಕಾಲು ಕೈಕೊಟ್ಟಿತ್ತು.

"ಡಾಕ್ಟರ ಹತ್ರ ಹೋಗೋಣ್ವೇನ್ರೀ?"

"ಮನೇಲೇ ಮೆಕ್ಯಾನಿಕ್ ಇರುವಾಗ ಹೊರಗಿನವರು ಯಾಕೆ?"

"ಬರೀ ಮೊಣಕಾಲಲ್ಲ ರೀ, ತೊಡೆ ಬುಡದಲ್ಲೂ ಏನೋ ಹಿಡ್ಕೊಂಡ ಹಾಗಿದೆ."

"ಒಂದೊಂದೇ ಕಂಪ್ಲೇಂಟು! ಮೊದಲು ಮೊಣಕಾಲು, ಮಿಕ್ಕಿದ್ದು ಆಮೇಲೆ."

ದಂಡಯಾತ್ರೆ ಬಿಸಿನೀರಿನ ಚೀಲದಿಂದ ಆರಂಭವಾಯಿತು. ಕೊತಕೊತ ಕುದಿಯುವ ನೀರು ತುಂಬಿದ ಚೀಲವನ್ನು ರಾಯರು ಮಂಡಿಯ ಮೇಲೆ ಪ್ರತಿಷ್ಠಾಪಿಸಿದರು. ಕಾಲು ಚಂಗನೆ ಹಾರಿತು, "ಅಯ್ಯಮ್ಮಾ!" ಎಂಬ ಕೂಗು ಆಮೇಲೆ ಬಂತು. ಮೆದುಳಿಗೆ ಸುದ್ದಿ ಮುಟ್ಟುವ ಮೊದಲೇ ಬೆನ್ನುಹುರಿ ತನ್ನ ಮಟ್ಟದಲ್ಲೇ ಅಪ್ಪಣೆ ಕೊಟ್ಟುಬಿಟ್ಟಿತ್ತು. ಹಾರಿದ ಕಾಲು ಹಚ್ಚಲೆಂದು ಪಕ್ಕದಲ್ಲಿಟ್ಟಿದ್ದ ಎಣ್ಣೆ ಬಟ್ಟಲಿಗೆ ತಗುಲಿತು, ಬಟ್ಟಲು ನೆಲಕ್ಕುರುಳಿತು, ಎಣ್ಣೆಯ ಮೇಲೆ ಕಾಲಿಟ್ಟ ರಾಯರು ದೊಪ್ಪನೆ ಕೂತು, ಕೂತ ಭಂಗಿಯಲ್ಲೇ ಕಪಾಟಿನ ತನಕ ಸವಾರಿ ಹೋದರು!

"ಪೆಟ್ಟಾಯ್ತೇನ್ರೀ?"

"ಇಲ್ಲ, ನೆಲ ಗಟ್ಟಿಯಾಗಿದೆಯಾ ಅಂತ ನೋಡ್ತಿದ್ದೆ!"

ಹಿಂಬದಿಯನ್ನು ಪರಪರ ಉಜ್ಜಿಕೊಂಡಾಗ ನೋವು ಕೊಂಚ ಇಳಿಯಿತು. ಹಾಗಾದರೆ ಇದೇ ಮದ್ದು ಎಂದು ಹೆಂಡತಿಯ ಮೊಣಕಾಲನ್ನು ತಳ ಹಿಡಿದ ಪಾತ್ರೆ ಉಜ್ಜಿದ ಹಾಗೆ ಉಜ್ಜಿದರು. ಚರ್ಮ ಕೆಂಪಾಯಿತೇ ಹೊರತು ನೋವು ಇದ್ದಲ್ಲೇ ಇತ್ತು.

ಕೊನೆಗೆ ಬ್ರಹ್ಮಾಸ್ತ್ರ ಹೊರಬಂತು. ವೈರಿಂಗಿಗೆ ತಂದಿದ್ದ ಪ್ಲಾಸ್ಟಿಕ್ ಪೈಪನ್ನು ಸೀಳಿ, ಮಂಡಿಯ ಎರಡೂ ಬದಿಗಿಟ್ಟು, ಕರಿ ಟೇಪಿನಿಂದ ಬಿಗಿಯಾಗಿ ಸುತ್ತಿದರು. "ಬಗ್ಗಿದ್ರೆ ತಾನೇ ನೋವು? ಬಗ್ಗೋದೇ ಬೇಡ!"

"ಹೀಗೆ ಕೆಲಸಕ್ಕೆ ಹೋಗ್ಲಾ?"

"ರಾಣಿ ಹಾಗೆ ಹೋಗು!"

ಪಾಪ, ಹೋದಳು. ಬಗ್ಗದ ಕಾಲನ್ನು ಪ್ರತಿ ಹೆಜ್ಜೆಗೂ ಸೊಂಟದಿಂದ ಬೀಸಿ ಬೀಸಿ ಎಸೆಯುತ್ತಾ ಹೋದಳು. ಮಧ್ಯಾಹ್ನ ಒಡತಿಯ ಹೆಗಲಿಗೆ ಒರಗಿ, ಟ್ಯಾಕ್ಸಿಯಲ್ಲಿ ವಾಪಸು ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ರಾಯರು ಅದೇ ಟ್ಯಾಕ್ಸಿಗೆ ಹತ್ತಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರಮ್ಮ ಟೇಪು ಕತ್ತರಿಸುತ್ತಾ, "ಇದನ್ನ ಯಾವ ಆಸ್ಪತ್ರೇಲಿ ಹಾಕಿದ್ರು?" ಎಂದು ಕೇಳಿದರು.

"ಮನೇಲಿ" ಎಂದ ರಾಯರ ದನಿ ಅವರಿಗೇ ಕೇಳಿಸಲಿಲ್ಲ.

ಡಾಕ್ಟರಮ್ಮ ಮಂಡಿಯನ್ನು ಒತ್ತಿದರು, ಅವಳು ಸುಮ್ಮನಿದ್ದಳು. ತೊಡೆಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದರು, ಅವಳು ಕಿರುಚಿಕೊಂಡಳು.

"ಮೊಣಕಾಲು ಚೆನ್ನಾಗಿದೆ. ಊತ ಇರೋದು ಸೊಂಟದ ಕೀಲಲ್ಲಿ."

"ಮತ್ತೆ ನೋವು ಇಲ್ಲಿ ಯಾಕೆ ಡಾಕ್ಟ್ರೇ?" ರಾಯರು ಮಂಡಿ ತೋರಿಸಿ ಕೇಳಿದರು.

"ಎರಡು ಕಡೆಯಿಂದಲೂ ಸುದ್ದಿ ತರೋ ನರಗಳು ಒಂದೇ ದಾರೀಲಿ ಬರ್ತವೆ. ಎಲ್ಲಿಂದ ಬಂತು ಅನ್ನೋದು ಮೆದುಳಿಗೆ ಸರಿಯಾಗಿ ಗೊತ್ತಾಗಲ್ಲ. ತೊಂದರೆ ಒಂದು ಕಡೆ, ನೋವು ಇನ್ನೊಂದು ಕಡೆ."

ಗಂಟೆರಾಯರು ನೆಲಕ್ಕೆ ಬಿದ್ದಿದ್ದ ಟೇಪಿನ ಚೂರುಗಳನ್ನು ಆಯತೊಡಗಿದರು.

"ಮಂಡಿ ಕಟ್ಟಿಹಾಕಿದ್ರಿಂದ ಎಲ್ಲ ಭಾರ ಸೊಂಟದ ಮೇಲೇ ಬಿದ್ದಿದೆ. ಮೊದಲೇ ಬಂದಿದ್ರೆ ಸ್ವಲ್ಪ ವಿಶ್ರಾಂತೀಲಿ ಹೋಗ್ತಿತ್ತು. ಈಗ ಕೆಲವು ತಿಂಗಳು ನಿಂತು ಮಾಡೋ ಕೆಲಸ ಬೇಡವೇ ಬೇಡ. ಯಾಕಮ್ಮಾ ತಡ ಮಾಡಿದ್ರಿ?"

ಹೆಂಡತಿ ಗಂಡನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು!

ಸಲೂನಿನ ಉಸ್ತುವಾರಿ ಬೇರೆಯವಳ ಪಾಲಾಯಿತು. ಆ ಸುದ್ದಿಯ ಫೋನು ಇಟ್ಟ ಮೇಲೆ ಅವಳು ಗೋಡೆ ಕಡೆ ತಿರುಗಿ ಮಲಗಿದಳು. "ನನ್ನಿಂದಲೇ ಹೀಗಾಯ್ತು ಕಣೇ" ಎಂದರು ರಾಯರು. "ಹೂಂ" ಎಂದಳು. ಅವರು ಅಂದು ಬಿದ್ದ ಪೆಟ್ಟು ಎಂದೋ ಮಾಯವಾಗಿತ್ತು, ಈ ಸಂಕಟ ಮಾತ್ರ ಎಷ್ಟು ಉಜ್ಜಿಕೊಂಡರೂ ಇಳಿಯುವಂತಿರಲಿಲ್ಲ.

ತಮಗೆ ಗೊತ್ತಿದ್ದ ಒಂದೇ ಒಂದು ಪ್ರಾಯಶ್ಚಿತ್ತವನ್ನು ಮಾಡಿದರು. ಅವಳ ಹಾಸಿಗೆಯ ಪಕ್ಕ ಒಂದು ಬಟನ್, ಅಡುಗೆಮನೆಯಲ್ಲಿ ಒಂದು ಗಂಟೆ. ಮರುದಿನ ತರಕಾರಿ ಹೆಚ್ಚುತ್ತಿದ್ದಾಗ ತಲೆಯ ಮೇಲೆ ಟ್ರಿಣ್ ಎಂದು ಬಾರಿಸಿತು. ಕೈಯ ಚಾಕುವನ್ನೂ ಕೆಳಗಿಡದೆ ಓಡಿದರು.

"ಏನಾಯ್ತು? ನೋವಾ? ಎಲ್ಲಿ?"

"ಏನಿಲ್ಲ" ಎಂದಳು ಹೆಂಡತಿ, ಬಟನ್ನಿನಿಂದ ಬೆರಳು ತೆಗೆಯುತ್ತಾ. "ಗಂಟೆ ಅಲ್ಲಿ ಹೊಡ್ಕೊಂಡ್ರೆ ನೀವು ಅದನ್ನೇ ಬಿಚ್ಕೊಂಡು ಕೂರ್ತೀರೋ, ಇಲ್ಲ ನನ್ನ ಹತ್ರ ಬರ್ತೀರೋ ಅಂತ ನೋಡಿದೆ."