ಶಾಂತವ್ವನ ಮಿಸ್ ಕಾಲ್

ನಾನು ಮಾತು ಮುಗಿಸಿದ ಮೇಲೆ ಎದುರಿಗಿರುವವರು "ಹೂಂ" ಅನ್ನದಿದ್ದರೆ ನನಗೆ ಅಲ್ಲಿಂದ ಕಾಲು ಕೀಳಲು ಆಗುವುದಿಲ್ಲ. ಇದು ರೋಗವೋ ಚಾಳಿಯೋ ತಿಳಿಯದು. ಔಷಧ ಅಂಗಡಿಯವನಿಗೆ ಗುಳಿಗೆಯ ಹೆಸರು ಹೇಳುತ್ತೇನೆ, ಅವನು ಮಾತಾಡದೆ ಹುಡುಕಲು ಒಳಗೆ ಹೋಗುತ್ತಾನೆ. ನಾನು ಅದನ್ನೇ ಇನ್ನೊಮ್ಮೆ, ಬೀದಿಗೆಲ್ಲ ಕೇಳುವಂತೆ ಹೇಳುತ್ತೇನೆ. ಬಸ್ಸಿನಲ್ಲಿ ನಮ್ಮೂರಿಗೆ "ಗೊಳಸಂಗಿ ಒಂದು" ಎಂದರೆ ಕಂಡಕ್ಟರ್ ಟಿಕೆಟ್ ಕೊಟ್ಟು ಮುಂದೆ ಹೋಗುತ್ತಾನೆ, ನಾನು ಅವನ ಬೆನ್ನನ್ನೇ ನೋಡುತ್ತ ಕೂಡುತ್ತೇನೆ. ಹೀಗೆ ನೋಡಿಸಿಕೊಂಡ ಕಂಡಕ್ಟರರು ಈಗ ನನ್ನನ್ನು ಕಂಡರೆ ಮೊದಲೇ "ಹೂಂರಿ ಹವಾಲ್ದಾರ್ರ" ಅಂದುಬಿಡುತ್ತಾರೆ.

ತಪ್ಪು ನನ್ನದಲ್ಲ, ಸೈನ್ಯದ್ದು. ಸಿಗ್ನಲ್ ವಿಭಾಗದಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಕೂತು ನನ್ನ ಪ್ರಾಯ ಕಳೆಯಿತು. ಅಲ್ಲಿ ಹೇಳುವುದನ್ನು ಹೇಳಿ, "ಓವರ್" ಎಂದು ಗುಂಡಿ ಬಿಟ್ಟು ಕಾಯಬೇಕು. ಆ ಕಡೆಯವನು ತಲುಪಿತು ಅನ್ನುವತನಕ ಹೇಳಿದ್ದು ಹೇಳಿದಂತಲ್ಲ. ಮುಂದೆ ಗುಡ್ಡದ ಮೇಲಿನ ಒಂದು ಠಾಣ್ಯದಲ್ಲಿ, ಸುತ್ತಲಿನ ಹಳ್ಳಿಗಳಿಗೆಂದು ಸೈನ್ಯವೇ ಒಂದು ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿತು. ನನ್ನ ಗಂಟಲಿನ ಗಾತ್ರ ಮೆಚ್ಚಿದ ಸಾಹೇಬರು ಸುದ್ದಿ ಓದಲು ನನ್ನನ್ನೇ ಕೂಡಿಸಿದರು. ನನ್ನ ಹಿಂದಿ ಆ ಗುಡ್ಡದ ಜನರಿಗೆ ಎಷ್ಟು ತಿಳಿಯಿತೋ, ಅವರು ಎಂದೂ ದೂರು ಕೊಡಲಿಲ್ಲ. ಊರಿನಿಂದ ಹೆಂಡತಿ ಶಾಂತವ್ವ ಫೋನಿನಲ್ಲಿ "ಇವತ್ತ ಏನ ಓದಿದ್ರಿ?" ಎಂದು ಕೇಳಿದಾಗಲೆಲ್ಲ, ಅದು ಮಿಲಿಟರಿ ವಿಷಯ, ಹೇಳುವಂತಿಲ್ಲ ಎಂದು ಗತ್ತು ಮಾಡುತ್ತಿದ್ದೆ. ಓದಿದ್ದು ಕುರಿಗಳಿಗೆ ಲಸಿಕೆ ಹಾಕುವ ದಿನದ ಸುದ್ದಿಯಾಗಿರುತ್ತಿತ್ತು. ಹೇಳಿದ್ದರೆ ಅವಳು ಎಷ್ಟು ನಗುತ್ತಿದ್ದಳೋ. ಆ ನಗುವನ್ನು ಅಷ್ಟು ವರ್ಷ ಸುಮ್ಮನೆ ಕಳೆದುಕೊಂಡೆ.

ನಿವೃತ್ತನಾಗಿ ಬಂದಾಗ ಎಲ್ಲರೂ ತೋರಿಸಿದ ದಾರಿ ಒಂದೇ: ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವುದು. ಅದೇ ಹೊತ್ತಿಗೆ ಬಸವನ ಬಾಗೇವಾಡಿಯಲ್ಲಿ ಒಂದು ಸಣ್ಣ ರೇಡಿಯೋ ಕೇಂದ್ರಕ್ಕೆ ಸುದ್ದಿ ಓದುವವರು ಬೇಕಾಗಿದ್ದರು. ನಾನು ಹಿಂದೆ ಮುಂದೆ ನೋಡುತ್ತಿದ್ದಾಗ ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಇಷ್ಟ ವರ್ಷ ಯಾರ್ಯಾರಿಗೋ ಓದಿ ಹೇಳೀರಿ. ಒಂದೀಟ ನನಗೂ ಕೇಳಿಸಲಿ" ಅಂದಳು. ಸಂದರ್ಶನದಲ್ಲಿ ನಾನು ಎದ್ದು ನಿಂತು, ಎದೆಯುಬ್ಬಿಸಿ ಓದಿದೆ. ಕೇಂದ್ರದ ಮುಖ್ಯಸ್ಥ ಮಹಾಂತೇಶ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಸುದ್ದಿ ಓದುವುದಕ್ಕೂ ಕವಾಯತು ಮಾಡಿಸುವುದಕ್ಕೂ ಸ್ವಲ್ಪ ವ್ಯತ್ಯಾಸವಿದೆ ಎಂದು ಬಹಳ ಮರ್ಯಾದೆಯಿಂದ ಹೇಳಿ, ಕೆಲಸ ಕೊಟ್ಟ.

ಮೊದಲ ದಿನವೇ ಮಾನ ಹೋಯಿತು. ಸಂಜೆ ಆರೂವರೆಗೆ ನಾಲ್ಕು ತಾಲೂಕಿನ ಸಮಾಚಾರವನ್ನೆಲ್ಲ ತಪ್ಪಿಲ್ಲದೆ ಓದಿದೆ. ಕೊನೆಗೆ ನಮಸ್ಕಾರ ಅನ್ನುವ ಬದಲು "ಓವರ್" ಅಂದು, ಉತ್ತರಕ್ಕಾಗಿ ಕಾಯುತ್ತ ಕೂತೆ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಜನ ಬರೀ ನನ್ನ ಉಸಿರಾಟ ಕೇಳಿದರು. ಕರೆಂಟು ಹೋಯಿತೇನು ಎಂದು ಸಿಂದಗಿಯಿಂದ ಯಾರೋ ಫೋನು ಮಾಡಿದರು. ಮನೆಗೆ ಬಂದು ಶಾಂತವ್ವನ ಮುಂದೆ ಗೋಳು ತೋಡಿಕೊಂಡೆ. ಈ ಕೆಲಸದಲ್ಲಿ ಯಾರೂ ತಿರುಗಿ ಮಾತಾಡುವುದಿಲ್ಲ, ಬಾವಿಯಲ್ಲಿ ಮುಖ ಹಾಕಿ ಕೂಗಿದ ಹಾಗಾಗುತ್ತದೆ ಎಂದೆ. ಅವಳು ನಗಲಿಲ್ಲ. ತುಸು ಯೋಚಿಸಿ ಹೇಳಿದಳು: "ನಾ ಮಿಸ್ ಕಾಲ್ ಕೊಡ್ತೇನಿ. ಒಂದು ಅಂದ್ರ ಕೇಳಿಸ್ತು. ಎರಡು ಅಂದ್ರ ಏನೋ ತಪ್ಪೇತಿ, ಮನಿಗೆ ಬಂದು ಕೇಳ್ರಿ. ಎತ್ತಬ್ಯಾಡ್ರಿ ಮತ್ತ."

ಅಂದಿನಿಂದ ನಮಸ್ಕಾರ ಹೇಳಿ ಮೈಕು ಮುಚ್ಚಿದ ಕೂಡಲೇ ಜೇಬಿನಲ್ಲಿ ಫೋನು ಒಮ್ಮೆ ನಡುಗುತ್ತಿತ್ತು. ತೆರೆಯ ಮೇಲೆ "ಮನಿ" ಎಂದು ಮೂಡಿ ಮಾಯವಾಗುತ್ತಿತ್ತು. ಆಗ ನಾನು ಏಳುತ್ತಿದ್ದೆ. ಎರಡು ಸಲ ನಡುಗಿದ ದಿನ ಬಸ್ಸಿನಲ್ಲಿ ಉದ್ದಕ್ಕೂ ಓದಿದ್ದನ್ನೇ ಮನಸ್ಸಿನಲ್ಲಿ ಮತ್ತೆ ಓದಿಕೊಳ್ಳುತ್ತಿದ್ದೆ. ಒಂದು ಸಲ ಇಂಡಿ ತಾಲೂಕಿನ ಲಿಂಬೆಹಣ್ಣನ್ನು ಒಯ್ದು ಮುದ್ದೇಬಿಹಾಳದಲ್ಲಿ ಬೆಳೆಸಿಬಿಟ್ಟಿದ್ದೆ. ಇನ್ನೊಂದು ಸಲ ಎಷ್ಟು ನೆನಪಿಸಿಕೊಂಡರೂ ತಪ್ಪೇ ಹೊಳೆಯಲಿಲ್ಲ. ಮನೆಗೆ ಬಂದು ಕೇಳಿದರೆ, "ಸುದ್ದಿ ಬರೋಬ್ಬರಿ ಇತ್ತು. ದನಿ ಬತ್ತಿತ್ತು. ಮಧ್ಯಾಹ್ನ ಉಂಡಿಲ್ಲ ನೀವು" ಅಂದಳು. ಅದು ನಿಜವಾಗಿತ್ತು. ಎದುರಿಗೆ ಕೂತಿದ್ದ ಮಹಾಂತೇಶನಿಗೆ ತಿಳಿಯದ್ದು ಗೊಳಸಂಗಿಯ ಅಡುಗೆಮನೆಯಲ್ಲಿ ತಿಳಿದಿತ್ತು.

ಹೋದ ಚಳಿಗಾಲದಲ್ಲಿ ಶಾಂತವ್ವ ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೇ. ಎಲ್ಲ ಮುಗಿಸಿ ಕೆಲಸಕ್ಕೆ ಮರಳಿದ ದಿನ ಸುದ್ದಿ ಓದಿದೆ, ನಮಸ್ಕಾರ ಹೇಳಿದೆ, ಮೈಕು ಮುಚ್ಚಿದೆ. ಆಮೇಲೆ ಏಳಲು ಆಗಲಿಲ್ಲ. ಮುಂದಿನ ಕಾರ್ಯಕ್ರಮದ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದಳು, ಹಾಡು ಹಾಕಿ ಹೊತ್ತು ಕಳೆಯಬೇಕಾಯಿತು. ಮರುದಿನವೂ ಹಾಗೇ, ಅದರ ಮರುದಿನವೂ. ನಾಲ್ಕು ತಾಲೂಕಿನ ಜನ ನನ್ನಿಂದಾಗಿ ಆ ವಾರ ಬಹಳ ಹಾಡು ಕೇಳಿದರು. ಮಹಾಂತೇಶ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹವಾಲ್ದಾರ್ರ, ನಾಲ್ಕಕ್ಕ ರೆಕಾರ್ಡ್ ಮಾಡಿ ಮನಿಗೆ ಹೋಗ್ರಿ. ಆರೂವರೆಗೆ ನಾನ ಹಾಕ್ತೇನಿ" ಅಂದ.

ಹಾಗೆ ಮೊದಲ ಸಲ, ಆರೂವರೆಗೆ ನಾನು ನನ್ನ ಅಡುಗೆಮನೆಯಲ್ಲಿದ್ದೆ. ಅವಳು ಕೂಡುತ್ತಿದ್ದ ಮಣೆಯ ಮೇಲೆ ಕೂತು, ಹಿಟ್ಟಿನ ಡಬ್ಬಿಯ ಮೇಲಿದ್ದ ರೇಡಿಯೋ ಹಚ್ಚಿದೆ. ಪಕ್ಕದಲ್ಲಿ ಅವಳ ಫೋನು. ಅದಕ್ಕೆ ದಿನಾಲೂ ಚಾರ್ಜು ಹಾಕುವುದನ್ನು ನಾನು ಬಿಟ್ಟಿಲ್ಲ, ಯಾಕೆ ಎಂದು ಕೇಳಬೇಡಿ. ರೇಡಿಯೋದಲ್ಲಿ ಒಬ್ಬ ಮನುಷ್ಯ ಲಚ್ಯಾಣದ ರಸ್ತೆ ಕಾಮಗಾರಿ, ಸಿಂದಗಿಯ ನೀರು, ನಾಳಿನ ಹವೆ, ಎಲ್ಲವನ್ನೂ ಆಜ್ಞೆ ಹೊರಡಿಸುವವನ ಹಾಗೆ ಓದಿದ. ನಮಸ್ಕಾರ ಅಂದು ಸುಮ್ಮನಾದ. ಪಾಪ, ಅವನಿಗೆ ಯಾರಾದರೂ ಹೇಳಬೇಕಲ್ಲ ಅನಿಸಿತು. ಅವಳ ಫೋನೆತ್ತಿ ಒಂದು ಮಿಸ್ ಕಾಲ್ ಕೊಟ್ಟೆ. ನನ್ನ ಜೇಬು ನಡುಗಿತು. ತೆರೆಯ ಮೇಲೆ "ಮನಿ" ಎಂದು ಮೂಡಿತು. ಎತ್ತಬಾರದೆಂದು ಅವಳು ಹೇಳಿದ್ದಳು, ಎತ್ತಲಿಲ್ಲ. ಅದು ಮಾಯವಾಗುವತನಕ ನೋಡುತ್ತ ಕೂತು, ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡ ಮೇಲೆ ಮನಸ್ಸು ಒಪ್ಪಲಿಲ್ಲ. ಸುದ್ದಿಯಲ್ಲಿ ತಪ್ಪಿರಲಿಲ್ಲ, ಖರೆ. ಆದರೆ ದನಿ ಬತ್ತಿತ್ತು. ಬೆಳಗಿನಿಂದ ಬರೀ ಚಹಾದ ಮೇಲಿದ್ದ ಆ ಮನುಷ್ಯನನ್ನು ಶಾಂತವ್ವ ಒಂದಕ್ಕೇ ಬಿಡುವವಳಾಗಿರಲಿಲ್ಲ. ಇನ್ನೊಂದು ಸಲ ಗುಂಡಿ ಒತ್ತಿದೆ. ಜೇಬು ಎರಡನೆಯ ಸಲ ನಡುಗಿ ನಿಂತಿತು. ನಾನು "ಹೂಂ" ಅಂದು, ಎದ್ದು, ಅನ್ನಕ್ಕೆ ನೀರಿಟ್ಟೆ.