ಅಕ್ಕನ ಹುಳಿ, ತಮ್ಮನ ಸಿಹಿ

"ನಿನ್ನ ಕಾರಿನ್ಯಾನ್ ದ್ರಾಕ್ಷಿ ವೈನ್ ಕುಡಿದ್ರೆ ನಾಲಿಗೆ ಮೇಲೆ ಉಪ್ಪುಕಾಗದ ಉಜ್ಜಿದ ಹಾಗಿರುತ್ತೆ, ಅಕ್ಕ!"

"ನಿನ್ನ ಗ್ರೆನಾಶ್ ದ್ರಾಕ್ಷೀದು ಇನ್ನೇನು ಮಹಾ? ಮೊದಲ ಗುಟುಕಿಗೆ ಜಾಮು, ಎರಡನೇ ಗುಟುಕಿಗೆ ನಿದ್ದೆ. ಬಣ್ಣಾನೂ ಇಲ್ಲ, ಬೆನ್ನುಮೂಳೇನೂ ಇಲ್ಲ. ಥೇಟ್ ನಿನ್ನ ಹಾಗೇ."

"ಅದಕ್ಕೇ ಅಲ್ವಾ ಸಿರಾ ದ್ರಾಕ್ಷಿ ಸೇರಿಸಿರೋದು? ಒಳ್ಳೇ ಮೆಣಸಿನ ಘಾಟು!"

"ಹೌದು, ಜಾಮಿಗೆ ಮೆಣಸು. ಯಾರಪ್ಪಾ ತಿಂತಾರೆ?"

ಕೋರ್ಬಿಯೇರ್ ಗುಡ್ಡಗಳ ನಡುವೆ, ಪಕ್ಕದ ತೋಟದ ಗಾಸ್ತೋನನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದರು ಮೆಲಾನಿ ಮತ್ತು ಅವಳ ತಮ್ಮ ರೆಮಿ. ಅಪ್ಪ ಸಾಯುವಾಗ ಮುದಿ ಕಾರಿನ್ಯಾನ್ ಬಳ್ಳಿಗಳನ್ನು ಮಗಳಿಗೂ, ಗ್ರೆನಾಶ್ ಮತ್ತು ಸಿರಾ ತೋಟವನ್ನು ಮಗನಿಗೂ ಬರೆದಿದ್ದ. ಮೂರನ್ನೂ ಬೆರೆಸಿದರೇ ಆ ಮನೆಯ ಕೆಂಪು ವೈನ್. ಹೋದ ಸುಗ್ಗಿಯಲ್ಲಿ ಯಾವುದು ಎಷ್ಟು ಬೆರೆಸಬೇಕು ಅಂತ ಜಗಳ ಹತ್ತಿ, ಇಬ್ಬರೂ ಬೇರೆಬೇರೆ ಪೀಪಾಯಿ ತುಂಬಿಸಿದರು. ಮೆಲಾನಿಯದನ್ನು ಅವಳ ಗಂಡನೇ ಬಾಯಿಗಿಡಲಿಲ್ಲ. ಕೊನೆಗೆ ಗುಟ್ಟಾಗಿ ದಲ್ಲಾಳಿಗೆ ಸಾಗಹಾಕಿದ್ದಳು. ಅದನ್ನು ತಮ್ಮನೆದುರು ಒಪ್ಪಿಕೊಳ್ಳುವುದುಂಟೇ?

"ನಂದು ಒಂದು ಹನಿ ಉಳಿದಿಲ್ಲ ಕಣೋ," ಅಂದಳು.

"ನಂದೂ ಅಷ್ಟೇ. ಪೀಪಾಯಿ ಖಾಲಿ," ರೆಮಿ ಆಲಿವ್ ಬೀಜ ಉಗುಳಿದ.

"ಯಾರೋ ಕುಡಿದ ಪುಣ್ಯಾತ್ಮ?"

"ನಿಂದು ಕುಡಿದವನು ಬದುಕಿದ್ದಾನಾ, ಮೊದಲು ಹೇಳು."

"ಸಾಕು ಮಾಡಿ, ಸಾರು ಆರಿಹೋಗುತ್ತೆ." ಗಾಸ್ತೋನ್ ಕಾಡುಹಂದಿ ಸಾರಿನ ಪಾತ್ರೆ ಇಟ್ಟು, ಚೀಟಿ ಇಲ್ಲದ ಸೀಸೆಯಿಂದ ಮೂರೂ ಲೋಟಕ್ಕೆ ಬಗ್ಗಿಸಿದ.

ಮೆಲಾನಿ ಒಂದು ಗುಟುಕು ಕುಡಿದಳು. ಮೊದಲು ಹಣ್ಣಿನ ಬೆಚ್ಚಗಿನ ಸಿಹಿ, ಹಿಂದೆಯೇ ಮೆಣಸು. ಇನ್ನೇನು ರುಚಿ ತೂಕಡಿಸಿತು ಅನ್ನುವಷ್ಟರಲ್ಲಿ ಎಲ್ಲಿಂದಲೋ ಒಂದು ಹುಳಿ ಬಂದು ಕೊರಳಪಟ್ಟಿ ಹಿಡಿದು ಎಬ್ಬಿಸಿತು. ಅಪ್ಪ ಮಾಡುತ್ತಿದ್ದದ್ದೂ ಹೀಗೇ. ರೆಮಿ ಆಗಲೇ ಖಾಲಿ ಲೋಟ ಚಾಚಿದ.

"ಗಾಸ್ತೋನಣ್ಣ, ಇದನ್ನ ಎಲ್ಲಿಂದ ತಂದ್ರಿ?" ಮೆಲಾನಿ ಕೇಳಿದಳು.

"ದಲ್ಲಾಳಿ ಹತ್ರ ಎರಡು ಥರದ್ದು ತಗೊಂಡೆ. ಒಂದು ಮುಖ ಸಿಂಡರಿಸೋ ಹುಳಿ. ಇನ್ನೊಂದು ಅಂಟು ಸಿಹಿ. ಯಾವ ದರಿದ್ರದೋರು ಮಾಡಿದ್ರೋ ಏನೋ! ಎರಡನ್ನೂ ಬೆರೆಸಿದೆ ನೋಡಿ, ಹೀಗಾಯ್ತು."

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀನೂ ದಲ್ಲಾಳಿಗೆ ಮಾರಿದ್ಯಾ?" ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

ರೆಮಿ ಮೊದಲು ಚೇತರಿಸಿಕೊಂಡ. "ಯಾವುದು ಎಷ್ಟು ಹಾಕಿದ್ರಿ, ಗಾಸ್ತೋನಣ್ಣ?"

"ಸಿಹೀದು ಮುಕ್ಕಾಲು, ಹುಳೀದು ಕಾಲು."

"ಕೇಳಿಸ್ತಾ? ಮುಕ್ಕಾಲು ನಂದು!"

"ಆ ಮುಕ್ಕಾಲು ನಿಂತಿರೋದೇ ನನ್ನ ಕಾಲಿನ ಮೇಲೆ ಕಣೋ!"

ರೆಮಿಗೆ ನಗು ತಡೆಯಲಾಗಲಿಲ್ಲ. ಮೆಲಾನಿಗೂ ಅಷ್ಟೇ.

"ಈ ಸುಗ್ಗಿಗೆ ಒಟ್ಟಿಗೇ ಬೆರೆಸೋಣ, ಅಕ್ಕ."

"ಆಗ್ಲಪ್ಪ. ಅಳತೆ ನಾನು ಹಾಕ್ತೀನಿ."

"ನೀನ್ಯಾಕೆ? ಮುಕ್ಕಾಲು ಪಾಲುದಾರ ನಾನು!"

"ವಾಸನೆ ಹಿಡಿಯೋ ಮೂಗು ನೆಟ್ಟಗಿರೋಳು ನಾನು!"

ಲೋಟಗಳು ಮೇಜಿನ ಮೇಲೆ ಕುಣಿದವು. ಗಾಸ್ತೋನ್ ಸೀಸೆಗೆ ಬಿರಡೆ ಒತ್ತಿ, ನೆಮ್ಮದಿಯಿಂದ ಎದ್ದ.

"ಜಗಳ ಆಡ್ತಿರಿ. ಈ ವರ್ಷದ್ದೂ ಎರಡೂ ನನಗೇ ಇರ್ಲಿ ಅಂತ ದಲ್ಲಾಳಿಗೆ ಈಗಲೇ ಹೇಳಿ ಬರ್ತೀನಿ."