ಮೂಗಿನಲ್ಲಿ ಹತ್ತಿ, ವಾಟ್ಸಪ್ಪಿನಲ್ಲಿ ಶ್ರದ್ಧಾಂಜಲಿ

ಹತ್ತಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಹಾಗಿಲ್ಲ. ಆದೋನಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಹತ್ತಿ ವ್ಯಾಪಾರ ಮಾಡಿಕೊಂಡು ಬಂದವನು ನಾನು. ಒಂದು ಚಿಟಿಕೆ ಹತ್ತಿಯನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಎಳೆದರೆ ಸಾಕು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಹಾಗಾಗಿ ಕೊರೊನಾ ಕಾಲದಲ್ಲಿ 'ಮೂಗು ಬಾಯಿಗೆ ಹತ್ತಿ ಬಟ್ಟೆ ಕಟ್ಟಿಕೊಳ್ಳಿ' ಎಂದು ಟೀವಿಯಲ್ಲಿ ಹೇಳಿದ ದಿನ ನನಗೆ ಎಲ್ಲಿಲ್ಲದ ಹೆಮ್ಮೆ. ಇದು ನಮ್ಮ ಡಿಪಾರ್ಟ್‌ಮೆಂಟು!

ನಮ್ಮ ಊರು ಆಂಧ್ರದ್ದು, ಮನೆಮಾತು ಕನ್ನಡ. ನನ್ನ ಹೆಂಡತಿ ಪಾರ್ವತಿ ತೆಲುಗು ಚಾನೆಲ್ ನೋಡುತ್ತಾಳೆ, ನಾನು ಕನ್ನಡ ಚಾನೆಲ್ ನೋಡುತ್ತೇನೆ. ಬೇರೆ ಊರಿನವರು ಒಂದು ಸರ್ಕಾರಕ್ಕೆ ಹೆದರಿದರೆ ಸಾಕಿತ್ತು, ನಾವು ಎರಡಕ್ಕೂ ಹೆದರಬೇಕಾಯಿತು. ಮೊದಲು 'ಆರೋಗ್ಯವಂತರಿಗೆ ಮಾಸ್ಕ್ ಬೇಡ' ಅಂದರು. ಆಮೇಲೆ 'ಮಾಸ್ಕ್ ಇಲ್ಲದೆ ಹೊರಗೆ ಬರಬೇಡಿ' ಅಂದರು. ಅದಾದ ಮೇಲೆ 'ಒಂದು ಸಾಲದು' ಅಂದರು! ಅವಳ ಚಾನೆಲ್ಲಿನಲ್ಲಿ ಮೂರು ಅಡಿ ದೂರ ಅಂದರೆ ನನ್ನದರಲ್ಲಿ ಆರು ಅಡಿ. ಯಾವುದನ್ನು ಬಿಟ್ಟರೆ ಯಾವುದು ಬಂದು ಮೆಟ್ಟಿಕೊಳ್ಳುತ್ತದೋ ಎಂದು ನಾನು ಎರಡನ್ನೂ ಕೂಡಿಸಿ ಒಂಬತ್ತು ಅಡಿ ಮಾಡಿದೆ. ನಮ್ಮ ಪಡಸಾಲೆಯ ಅಗಲವೇ ಹತ್ತು ಅಡಿ. ಗಂಡ ಹೆಂಡತಿ ಎದುರುಬದುರು ಗೋಡೆಗೆ ಅಂಟಿಕೊಂಡು ಊಟ ಮಾಡುತ್ತಿದ್ದೆವು.

"ಉಪ್ಪಿನಕಾಯಿ ಬೇಕಂದ್ರ ಎಸೀಲೇನ್ರೀ?" ಎಂದು ಪಾರ್ವತಿ ಕೇಳುತ್ತಿದ್ದಳು.

ನಗುತ್ತಿದ್ದೆ, ಆದರೆ ಒಳಗೆ ಭಯವಿತ್ತು. ನನಗಿಂತ ಹೆಚ್ಚು ಗೌರಕ್ಕನ ಬಗ್ಗೆ ಭಯ. ಗೌರಕ್ಕ ನನ್ನ ಸ್ವಂತ ಅಕ್ಕ. ಅವ್ವ ಹೋದಾಗ ನನಗೆ ನಾಲ್ಕು ವರ್ಷ, ಆಕೆಯೇ ನನ್ನನ್ನು ಎತ್ತಿ ಬೆಳೆಸಿದವಳು. ಈಗ ಎಪ್ಪತ್ತು ದಾಟಿದೆ, ಗೋನೆಗಂಡ್ಲದಲ್ಲಿ ಮಗ ವೀರೇಶನ ಜೊತೆ ಇದ್ದಾಳೆ. ದಮ್ಮಿನ ಕಾಯಿಲೆ ಬೇರೆ, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಈ ರೋಗ ಆಕೆಯನ್ನು ಮುಟ್ಟಿದರೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೆ ದಿನಾ ಫೋನು ಮಾಡಿ ಒಂದೇ ಮಾತು ಹೇಳುತ್ತಿದ್ದೆ.

"ಅಕ್ಕಾ, ಹೊಸ್ತಿಲು ದಾಟಬ್ಯಾಡ. ಏನರ ಆಗ್ಲಿ, ಇಲ್ಲಿಗೆ ಬರಬ್ಯಾಡ. ನಾ ಸತ್ರೂ ಬರಬ್ಯಾಡ!"

"ಬಿಡ್ತು ಅನ್ನೋ! ಎಂಥಾ ಬಾಯಿ ಐತೋ ನಿಂದು!" ಎಂದು ಬೈದು ಫೋನು ಇಡುತ್ತಿದ್ದಳು.

ಹೀಗಿರುವಾಗ ಶ್ರಾವಣ ಸೋಮವಾರ ಬಂತು. ಪ್ರತಿ ವರ್ಷ ನಮ್ಮ ಬಳಗವೆಲ್ಲ ಒಂದು ಕಡೆ ಸೇರಿ ಪೂಜೆ ಮಾಡುತ್ತಿತ್ತು. ಆ ವರ್ಷ ಎಲ್ಲರೂ ಅವರವರ ಮನೆಯಲ್ಲಿ ಫೋನಿನ ಮುಂದೆ ಕೂತು ವಿಡಿಯೋದಲ್ಲೇ ಪೂಜೆ ಮಾಡಬೇಕೆಂದು ವೀರೇಶ ಗೊತ್ತುಮಾಡಿದ.

ನಾನು ಬೆಳಗ್ಗೆಯಿಂದಲೇ ಮುನ್ನೆಚ್ಚರಿಕೆಗೆ ಇಳಿದೆ. 'ಮನೆಯಲ್ಲಿ ಎಲ್ಲಕ್ಕಿಂತ ಹೊಲಸು ವಸ್ತು ಮೊಬೈಲು' ಎಂದು ಹಿಂದಿನ ದಿನ ಟೀವಿಯಲ್ಲಿ ಹೇಳಿದ್ದರು. ಪಾರ್ವತಿಯ ಮೊಬೈಲು ಕಾಯಿಪಲ್ಲೆ ಅಂಗಡಿಗೆ ಹೋಗಿ ಬಂದಿತ್ತು, ಅದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ. ನನ್ನದಕ್ಕೆ ಸ್ಯಾನಿಟೈಸರ್ ಸುರಿದು, ಮೂಲೆ ಮೂಲೆಯನ್ನೂ ತಿಕ್ಕಿದೆ. ಪಾಪ, ಆಗ ಅದು ಏನೂ ಅನ್ನಲಿಲ್ಲ.

ಇನ್ನು ನನ್ನ ಮಹಾ ಸಂಶೋಧನೆ. 'ಬರೀ ಬಟ್ಟೆಯ ಮಾಸ್ಕ್ ಸಾಲದು' ಎಂಬ ಹೊಸ ಸುದ್ದಿ ಬಂದಿತ್ತಲ್ಲ, ನಾನು ಯೋಚಿಸಿದೆ. ಬಟ್ಟೆ ಎಂದರೇನು? ಹತ್ತಿ. ಹತ್ತಿಯನ್ನು ನೂಲು ಮಾಡಿ, ನೇಯ್ದು, ಹೊಲಿದು ಕಟ್ಟಿಕೊಳ್ಳುವ ಸುತ್ತುಬಳಸು ಯಾಕೆ? ನೇರವಾಗಿ ಹತ್ತಿಯನ್ನೇ ಬಳಸಬಾರದೇಕೆ? ಅಂಗಡಿಯಲ್ಲಿದ್ದ ಒಳ್ಳೆಯ ಉದ್ದ ಎಳೆಯ ಹತ್ತಿಯನ್ನು ಉಂಡೆ ಮಾಡಿ ಮೂಗಿನ ಎರಡೂ ಹೊಳ್ಳೆಗೆ ತುರುಕಿಕೊಂಡೆ. ಮಂತ್ರ ಹೇಳಲು ಬಾಯಿ ಬೇಕಲ್ಲ, ಮಾಸ್ಕನ್ನು ಗದ್ದದ ಕೆಳಗೆ ಇಳಿಸಿದೆ. ಅದರ ದಾರ ಕಿವಿಯನ್ನು ಕೊಯ್ಯುತ್ತಿತ್ತು. ದಾರ ಬಿಚ್ಚಿ, ಮಾಸ್ಕ್ ಜಾರದಂತೆ ಪಾರ್ವತಿ ಹಳೆಯ ಧೋತರ ಹರಿದು, ಗದ್ದದಿಂದ ನೆತ್ತಿಯವರೆಗೆ ಒಂದು ಬಿಳಿ ಪಟ್ಟಿ ಕಟ್ಟಿದಳು. ಹಣೆ, ತೋಳು, ಎದೆಗೆ ಧಾರಾಳವಾಗಿ ವಿಭೂತಿ ಬಳಿದುಕೊಂಡು, ಗೋಡೆಗೆ ಒರಗಿ ಚಕ್ಕಂಬಕ್ಕಳ ಹಾಕಿ ಕೂತೆ. ಮುಂದೆ ದೀಪ, ಊದಿನಕಡ್ಡಿ. ಹಿಂದೆ ಅಪ್ಪನ ಫೋಟೋಕ್ಕೆ ಹಾಕಿದ ಚೆಂಡು ಹೂವಿನ ಹಾರ ನನ್ನ ಕೊರಳವರೆಗೂ ಇಳಿಬಿದ್ದಿತ್ತು. ಶೋಭಾಯಮಾನವಾಗಿ ಕಾಣುತ್ತಿದ್ದೇನೆ ಎಂದುಕೊಂಡೆ.

ಪೂಜೆ ಉದ್ದವಾಯಿತು, ಪಾರ್ವತಿ ನೈವೇದ್ಯ ಮಾಡಲು ಅಡುಗೆಮನೆ ಸೇರಿದಳು. ಬೆಳಗ್ಗೆಯಿಂದ ಮೂರು ಲೋಟ ಕಷಾಯ ಕುಡಿದಿದ್ದೆ. ಕಣ್ಣು ಎಳೆಯಿತು, ಬಾಯಿ ತೆರೆಯಿತು, ನಿದ್ದೆ ಬಂತು. ಅದೇ ಹೊತ್ತಿಗೆ ಸ್ಯಾನಿಟೈಸರ್ ಕುಡಿದಿದ್ದ ನನ್ನ ಮೊಬೈಲು ಪ್ರಾಣ ಬಿಟ್ಟಿತು! ಬಿಡುವ ಮುಂಚೆ ನನ್ನ ಚಿತ್ರವನ್ನು ಬಳಗದ ಅಷ್ಟೂ ಮನೆಗಳಲ್ಲಿ ಅಲ್ಲಾಡದ ಹಾಗೆ ನಿಲ್ಲಿಸಿ ಹೋಯಿತು.

ಈಗ ನಮ್ಮವರ ಒಂದು ಪದ್ಧತಿ ಹೇಳಬೇಕು. ನಾವು ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮೈಗೆ ವಿಭೂತಿ ಬಳಿದು, ಗದ್ದಕ್ಕೆ ಬಿಳಿ ಪಟ್ಟಿ ಕಟ್ಟಿ, ಮೂಗಿಗೆ ಹತ್ತಿ ಇಟ್ಟು, ಹಾರ ಹಾಕಿ, ಮುಂದೆ ದೀಪ ಹಚ್ಚುತ್ತೇವೆ. ನಾನು ಒಂದನ್ನೂ ಬಿಟ್ಟಿರಲಿಲ್ಲ!

ಎಚ್ಚರವಾದದ್ದು ಗೇಟು ಬಡಿಯುವ ಶಬ್ದಕ್ಕೆ. ಹಾಗೇ ಎದ್ದು ಹೋಗಿ ಬಾಗಿಲು ತೆರೆದೆ. ಪಕ್ಕದ ಮನೆಯ ಸುಬ್ಬಾರೆಡ್ಡಿ ಕೈಯಲ್ಲಿ ಹೂವಿನ ಹಾರ ಹಿಡಿದು ನಿಂತಿದ್ದರು. ನನ್ನನ್ನು ಕಂಡವರೇ ಹಾರ ಬಿಸಾಡಿ, "ವಾಮ್ಮೋ!" ಎಂದು ಕೂಗಿ ರಸ್ತೆಯ ಆಚೆ ಹಾರಿದರು. ಒಂಬತ್ತು ಅಡಿಯಲ್ಲ, ಮೂವತ್ತು ಅಡಿ ದೂರ!

"ರೆಡ್ಡಿಗಾರು, ಏನಾತ್ರಿ?"

"ನಿಜಂಗಾ ನೀವೇನಾ? ನೀವು ಹೋಗಿಬಿಟ್ರಂತ ವೀರೇಶ ಫೋನ್ ಮಾಡಿದ್ನಲ್ರೀ! ನಿಮ್ಮಿಬ್ಬರ ಫೋನೂ ಹತ್ತವಲ್ಲದಂತ. ಆತನೂ ನಿಮ್ಮ ಅಕ್ಕನೂ ಹೊಂಟಾರ!"

ಗಡಿಬಿಡಿಯಲ್ಲಿ ಮೂಗಿನ ಹತ್ತಿಯನ್ನು ಕೈಗೆ ಸಿಕ್ಕಷ್ಟು ಕಿತ್ತು ಎಸೆದು ಮಾಳಿಗೆಗೆ ಓಡಿದೆ. ಪಾರ್ವತಿಯ ಮೊಬೈಲು ಬಿಸಿ ದೋಸೆಹಂಚಾಗಿತ್ತು. ತೆರೆದರೆ ಸಾಲುಸಾಲು ಕೈಮುಗಿದ ಚಿತ್ರಗಳು! 'ತೂಕದಲ್ಲಿ ಮೋಸ ಮಾಡಿದವನಲ್ಲ, ಮಾಡಿದ್ದರೂ ಸ್ವಲ್ಪ' ಎಂದು ಸೋದರಮಾವ ಬರೆದಿದ್ದ. 'ಕೊನೆಯ ದಿನದವರೆಗೂ ನಮಗೆ ಆರೋಗ್ಯದ ಮೆಸೇಜು ಕಳಿಸಿ ಕಳಿಸಿ ಸಾಕುಮಾಡಿದ' ಎಂದು ಮತ್ತೊಬ್ಬ. ಮಣ್ಣಿಗೆ ಎಷ್ಟು ಜನ ಬರಬಹುದು, ಆಂಧ್ರದ ನಿಯಮವೋ ಕರ್ನಾಟಕದ ನಿಯಮವೋ ಎಂದು ನನ್ನ ಹೆಣದ ಮೇಲೆ ಇಬ್ಬರು ಷಡ್ಡಕರು ಜಗಳವಾಡುತ್ತಿದ್ದರು. ಒಬ್ಬನಾದರೂ 'ನಿಜವೇ?' ಎಂದು ಕೇಳಿರಲಿಲ್ಲ. ಆ ದಿನಗಳಲ್ಲಿ ಸಾವಿನ ಸುದ್ದಿ ಹಾಗೇ ಬರುತ್ತಿತ್ತು, ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ವೀರೇಶನಿಗೆ ಹತ್ತು ಸಲ ಫೋನು ಮಾಡಿದೆ, ಎತ್ತಲಿಲ್ಲ. ಮೋಟಾರ್ ಸೈಕಲ್ ಮೇಲಿದ್ದ. ಅವನ ಹಿಂದೆ ತಿಂಗಳುಗಟ್ಟಲೆ ಹೊಸ್ತಿಲು ದಾಟದ ನನ್ನ ಅಕ್ಕ! ಯಾರ ಉಸಿರು ಕಾಯಬೇಕೆಂದು ಇಷ್ಟೆಲ್ಲ ಮಾಡಿದೆನೋ, ಅವಳನ್ನೇ ಬೀದಿಗೆ ಎಳೆದು ತಂದಿದ್ದೆ. ಗೋಡೆ ಹಿಡಿದು ಅತ್ತುಬಿಟ್ಟೆ.

ಅಳು ಮುಗಿದ ಮೇಲೆ ಮತ್ತೆ ಬುದ್ಧಿ ಓಡಿತು. ನನ್ನಿಂದ ಆಕೆಗೆ ಏನೂ ತಗಲಬಾರದು. ರೇನ್‌ಕೋಟು ತೊಟ್ಟೆ, ಕೈಗವಸು ಹಾಕಿದೆ, ಎರಡು ಮಾಸ್ಕ್ ಕಟ್ಟಿ, ಮೇಲೆ ಪ್ಲಾಸ್ಟಿಕ್ ಪರದೆ ಇಳಿಸಿ ಗೇಟಿನಲ್ಲಿ ನಿಂತೆ.

ವೀರೇಶನ ಗಾಡಿ ಬಂದು ನಿಂತಿತು, ಅಕ್ಕ ಇಳಿದಳು. ಉಸಿರು ಎಳೆಯುತ್ತಾ, ಗೋಡೆ ಹಿಡಿಯುತ್ತಾ ಬಂದವಳು ನನ್ನನ್ನು ನೋಡಿ ಎರಡೂ ಕೈ ಮುಗಿದಳು.

"ಯಪ್ಪಾ, ಮುನ್ಸಿಪಾಲ್ಟಿಯವ್ರೇನು? ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ತಮ್ಮನ್ನ ಚೀಲದಾಗ ಕಟ್ಟಬ್ಯಾಡ್ರಿ. ಒಂದ್ಸಲ ಮಾರಿ ನೋಡ್ತೀನಿ, ಒಂದೇ ಸಲ!"

ಪರದೆ ಕಿತ್ತೆ, ಮಾಸ್ಕುಗಳನ್ನು ಕಿತ್ತೆ.

"ಅಕ್ಕಾ, ನಾನ ಅದೀನಿ."

ಆಕೆ ಹತ್ತಿರ ಬಂದು ನನ್ನ ಮುಖ ಮುಟ್ಟಿ ನೋಡಿದಳು. ಆಮೇಲೆ ಕೆನ್ನೆಗೆ ಒಂದು ಬಿಗಿದಳು. ಆಮೇಲೆ ಅಪ್ಪಿಕೊಂಡಳು. ಎರಡು ರಾಜ್ಯಗಳ ಅಷ್ಟೂ ಅಡಿಗಳು ಅಲ್ಲಿಗೆ ಮುಗಿದವು.

"ನಾ ಸತ್ರೂ ಬರಬ್ಯಾಡ ಅಂದಿದ್ನಲ್ಲಕ್ಕಾ!"

"ನೀ ಜೀವಂತ ಇದ್ದಾಗ ಏನ್ ಹೇಳ್ತಿ ಅದನ್ನ ಕೇಳ್ತೀನಿ. ಸತ್ತ ಮ್ಯಾಲ ನಿನ್ನ ಮಾತು ಯಾವಾಕಿ ಕೇಳ್ತಾಳೋ?"

ಅಪ್ಪಿಕೊಂಡ ಮೇಲೆ ಕಳಿಸುವಂತಿಲ್ಲ, ಅಕ್ಕ ನಮ್ಮಲ್ಲೇ ಉಳಿದಳು. ನಾನು ಆಕೆಯ ಒಂದೊಂದು ಉಸಿರನ್ನೂ ಎಣಿಸುತ್ತಿದ್ದೆ. ಮೂರನೆಯ ದಿನ ಆಕೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಳು. ಪಾರ್ವತಿ ಕೆಮ್ಮಿದಳು, ಬೀದಿಯಲ್ಲಿ ಹೋಗುತ್ತಿದ್ದ ರೆಡ್ಡಿ ಕೆಮ್ಮಿದರು. ನನಗೆ ಏನೂ ವಾಸನೆಯಿಲ್ಲ! 'ವಾಸನೆ ಹೋಗುವುದೂ ರೋಗದ ಲಕ್ಷಣ' ಎಂದು ಟೀವಿಯಲ್ಲಿ ಹೊಸದಾಗಿ ಸೇರಿಸಿದ್ದರು. ನನಗೆ ಬಂದಿದ್ದರೆ ಅಕ್ಕನಿಗೂ ಬಂತು, ತಂದವನು ನಾನು.

ಆಸ್ಪತ್ರೆಗೆ ಓಡಿದೆವು. ಗಂಟಲಿನ ದ್ರವ ತೆಗೆದು ಇಬ್ಬರದೂ ಪರೀಕ್ಷೆ ಆಯಿತು, ಇಬ್ಬರಿಗೂ ಏನೂ ಇಲ್ಲ ಎಂದು ಬಂತು. ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತು ದೇವರಿಗೆ ಕೈ ಮುಗಿದಳು. ನನಗೂ ಕಣ್ಣು ತುಂಬಿತು.

"ಮತ್ತ ವಾಸನಿ ಯಾಕ ಬರವಲ್ಲದ್ರೀ?" ಎಂದು ಡಾಕ್ಟರನ್ನು ಕೇಳಿದೆ.

ಅವರು ನನ್ನ ತಲೆ ಹಿಂದಕ್ಕೆ ಬಾಗಿಸಿ, ಮೂಗಿಗೆ ಟಾರ್ಚು ಬಿಟ್ಟು, ಚಿಮಟ ತೂರಿಸಿದರು. ಒಂದು ಹೊಳ್ಳೆಯಿಂದ ಎಳೆದರು, ಎಳೆದರು, ಎಳೆದೇ ಎಳೆದರು. ಇನ್ನೊಂದರಿಂದಲೂ ಅಷ್ಟೇ ಬಂತು. ತಟ್ಟೆಯಲ್ಲಿಟ್ಟು ನೋಡಿದೆ. ಒಳ್ಳೆಯ ಉದ್ದ ಎಳೆ, ಗಟ್ಟಿ ಮಾಲು.

"ಹತ್ತಿ!" ಎಂದು ಡಾಕ್ಟರು ಬೆರಗಾದರು. "ಇಷ್ಟು ಹತ್ತಿ ಮೂಗಲ್ಲಿ ಇರೋದು ಗೊತ್ತಾಗ್ಲಿಲ್ವಾ? ನೀವು ಏನು ಕೆಲಸ ಮಾಡ್ತೀರಿ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿಬಿಟ್ಟೆ.

"ಕಿರಾಣಿ ಅಂಗಡಿ ಐತ್ರಿ."